ಸಾಹೇಬರ ಮೂಗು ತಿದ್ದಬೇಡಿ

ರಾಣೆಬೆನ್ನೂರು
ಹದಿಮೂರನೇ ತಿಂಗಳ ಮೂವತ್ತೆರಡನೇ ತಾರೀಕು
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2214)

ಅಡಿವೆಪ್ಪಜ್ಜನವರಿಗೆ ನಮಸ್ಕಾರಗಳು.

ಏಳು ತಲೆಮಾರು ಹಿಂದಿನವರನ್ನು ಏನೆಂದು ಕರೆಯಬೇಕೋ ತಿಳಿಯದು. ನಿಮಗಿನ್ನೂ ಮೂವತ್ತೆಂಟು, ಅಜ್ಜ ಎಂದದ್ದಕ್ಕೆ ಬೇಸರ ಬೇಡ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಅದು ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಸಲ ಸಿಗುತ್ತದೆ. ನನ್ನ ಸರದಿಯನ್ನು ನಿಮಗಾಗಿ ಬಳಸುತ್ತಿದ್ದೇನೆ.

ನಾನು ಕೈನಾಯಕರನ್ನು ಸಂಗ್ರಹಿಸುವವಳು. ಚಿತ್ರಕಲೆ ಕಲಿಯದವರು ಬರಿಯ ಅಭಿಮಾನದಿಂದ ಬರೆದ ರಾಜಕೀಯ ನಾಯಕರ ಚಿತ್ರಗಳಿಗೆ ನಮ್ಮ ಕಾಲದಲ್ಲಿ ಹಾಗೆನ್ನುತ್ತೇವೆ. ಮೇಷ್ಟ್ರು, ಕಂಡಕ್ಟರು, ದರ್ಜಿಗಳು ಪತ್ರಿಕೆಯ ಫೋಟೊ ಮೇಲೆ ಚೌಕ ಎಳೆದುಕೊಂಡು, ನೋಡಿ ನೋಡಿ ಬರೆದವು. ಒಂದು ಕಿವಿ ಮೇಲೆ, ಒಂದು ಕೆಳಗೆ. ಕೈಗೆ ಆರು ಬೆರಳಾದರೂ ಆಯಿತು. ಭಾನುವಾರ ಹಳೇ ಹತ್ತಿ ಗೋದಾಮಿನಲ್ಲಿ ಸೇರಿ, ಚಹಾ ಆರಿ ತಣ್ಣಗಾಗುವವರೆಗೆ ಒಂದು ಮೀಸೆಯ ಬಗ್ಗೆ ಜಗಳವಾಡುತ್ತೇವೆ. ಆ ನಾಯಕರು ಯಾವ ಪಕ್ಷದವರು, ಏನು ಮಾಡಿದರು ಎಂಬುದು ನಮಗೆ ಯಾರಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನಾವು ಹುಡುಕುವುದು ಮನೆಮುಖವನ್ನು. ಅಂದರೆ, ನಾಯಕರ ಮುಖ ಕೈಗೆ ಹತ್ತದೆ, ಬರೆಯುವವರಿಗೆ ತೀರ ಹತ್ತಿರದ ಮುಖವೊಂದು ತಾನಾಗಿ ಬಂದು ಕೂರುವುದು. ಹೆಂಡತಿಯ ಗಲ್ಲ ಹೊತ್ತ ಮಂತ್ರಿಗಳು ನನ್ನ ಬಳಿಯೇ ಇಬ್ಬರಿದ್ದಾರೆ.

ನಿಮ್ಮ ನಾಯಕರಾದ ಸಾಹೇಬರ ಚಿತ್ರವನ್ನು ನೀವು ಬರೆದ ಹಲಗೆ ನನಗೆ ಸಿಕ್ಕಿದ್ದು ಹೋದ ವರ್ಷ. ನಿಮ್ಮ ಮೋಟರ್ ರಿಪೇರಿ ಅಂಗಡಿಯಲ್ಲಿ ಸುತ್ತಿದ ತಂತಿಗೆ ಹಚ್ಚುವ ವಾರ್ನಿಶ್ಶನ್ನೇ ಚಿತ್ರಕ್ಕೂ ಬಳಿದಿದ್ದೀರಿ, ಬಣ್ಣ ಒಂದಿಷ್ಟೂ ಮಾಸಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದದ್ದೂ ಹಾಗೇ ಇದೆ: “ಅಂಗಡಿ ಮುಂದ ನಿಂತು ಎಲ್ಲಾರೂ ನಕ್ರು. ‘ಇವ್ರು ಸಾಹೇಬ್ರಲ್ಲೋ ಅಡಿವೆಪ್ಪಾ, ನಿಮ್ಮವ್ವ ಪಟಗಾ ಸುತ್ಕೊಂಡು ಕುಂತಾಳ’ ಅಂದ್ರು. ಅವ್ವ ಹೋಗಿ ಮೂರು ವರ್ಷ ಆತು, ಹ್ಯಾಂಗ ಬಂದ್ಲೋ ಗೊತ್ತಿಲ್ಲ. ನಾಚಿಕಿ ಆತು. ನಾಳೆ ಮೂಗು ತಿದ್ದಬೇಕು.”

ಮರುದಿನ ನೀವು ತಿದ್ದಿಯೇ ಬಿಟ್ಟಿರಿ. ಹಳೇ ಬಣ್ಣವನ್ನು ಪಾಲಿಶ್ ಪೇಪರ್‌ನಿಂದ ಉಜ್ಜಿ ತೆಗೆದು, ಮೂಗು, ತುಟಿ, ಗಲ್ಲ ಎಲ್ಲವನ್ನೂ ಸಾಹೇಬರದು ಮಾಡಿದಿರಿ. ಕಣ್ಣಿನ ಹತ್ತಿರ ಮಾತ್ರ ಕೈ ಹೋಗಿಲ್ಲ. ಅಂಥದೇ ಕಣ್ಣು ನನ್ನ ಮಗಳಿಗಿದೆ.

ನಿಮ್ಮ ಫೋನುಗಳಲ್ಲಿದ್ದ ಫೋಟೊಗಳು ಒಂದೂ ನಮ್ಮವರೆಗೆ ಬರಲಿಲ್ಲ. ಮನೆಯ ವಂಶಾವಳಿಯಲ್ಲಿ ನಿಮ್ಮ ತಾಯಿಯವರದು ಕಲ್ಲವ್ವ ಎಂಬ ಹೆಸರಷ್ಟೇ ಇದೆ. ಆ ಮುಖ ಬೇರೆಲ್ಲೂ ಇಲ್ಲ. ನಾಲ್ಕು ಜನ ನಕ್ಕರೆಂದು ಅವ್ವನನ್ನು ಉಜ್ಜಿ ಹಾಕಿದಿರಲ್ಲ ಎಂದು ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ನೀವು ಹಲಗೆಯ ಹಿಂದೆ ಬರೆದ ಆ ಸಂಜೆಯೇ ಈ ಕಾಗದ ನಿಮ್ಮ ಕೈ ಸೇರುತ್ತದೆ. ದಯವಿಟ್ಟು ಮೂಗು ತಿದ್ದಬೇಡಿ. ನಕ್ಕವರು ನಾಳೆಯೂ ನಗಲಿ, ವಾರ್ನಿಶ್ ಬಳಿದು ಗೋಡೆಗೆ ತೂಗುಹಾಕಿ. ನನ್ನ ಮಾತು ನೀವು ಕೇಳುತ್ತೀರಿ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಲಗೆಯ ಮುಂದೆ ಕುಳಿತಿದ್ದೇನೆ, ಅವ್ವ ಬರಲಿ ಎಂದು.

ನಿಮ್ಮ ಮನೆಯವಳೇ ಆದ,
ಬೆಳಕವ್ವ ಅಡಿವೆಪ್ಪನವರ