ಬಾಗಿಲ ಮೇಲಿನ ಹಳೇ ನಂಬರು

ಪೆರಂಬೂರು, ಚೆನ್ನೈ
೧೩ ಆಗಸ್ಟ್ ೨೦೨೪, ಮಂಗಳವಾರ

ಅಮಿರ್ತವಲ್ಲಿ ಅತ್ತಿಗೆಗೆ ಕನಕಾಂಬುಜಂ ಮಾಡುವ ನಮಸ್ಕಾರ.

ನಿಮ್ಮ ಮೊಣಕಾಲು ಈಗ ಹೇಗಿದೆ? ಪಿನಾಂಗಿನಲ್ಲೂ ಮಳೆ ಅಂತ ನಿಮ್ಮ ಸೊಸೆ ಹೇಳಿದಳು. ನೀವು ಕಾಗದ ಹಾಕಿ ತಿಂಗಳ ಮೇಲಾಯಿತು. ಉತ್ತರ ಬರೆಯಲು ಎಷ್ಟೋ ಸಲ ಕೂತೆ, ನಾಲ್ಕು ಸಾಲಾದ ಮೇಲೆ ಎದ್ದುಬಿಡುತ್ತಿದ್ದೆ. ಕೋಪ ಮಾಡಿಕೊಳ್ಳಬೇಡಿ. ಫೋನಿನಲ್ಲಿ ನೀವು, "ಹೊತ್ತಿಗೆ ಸರಿಯಾಗಿ ನನ್ನ ತಮ್ಮನ್ನ ಆಸ್ಪತ್ರೆಗೆ ಯಾಕೆ ಸೇರಿಸ್ಲಿಲ್ಲ ಕನಕಾ?" ಅಂತ ಕೇಳಿದಿರಿ. ನಾನು "ವಿಧಿ ಅತ್ತಿಗೆ" ಅಂತ ಫೋನು ಇಟ್ಟುಬಿಟ್ಟೆ. ಆಮೇಲೆ ನಿಮ್ಮ ಜೊತೆ ಮಾತಾಡಲು ಅಂಜಿಕೆಯಾಯಿತು.

ಇವತ್ತು ಬರೆಯುವ ಧೈರ್ಯ ಬಂದಿದೆ, ಯಾಕೆಂದರೆ ನಿಮಗೆ ಕೊಡಲು ಒಂದು ಸುದ್ದಿ ಇದೆ. ನಿಮ್ಮ ಅಮ್ಮನ ಮನೆ ಸಿಕ್ಕಿತು.

ಮೊದಲೇ ಹೇಳಿಬಿಡುತ್ತೇನೆ, ನೀವು ಹೇಳಿದ್ದೇ ಸರಿ. ನಿಮ್ಮ ತಮ್ಮ ಹುಡುಕಿದ ಮನೆ ಅದಲ್ಲ.

ಪಂಗುಣಿ ತಿಂಗಳಲ್ಲಿ, ಬೇಸಿಗೆ ಶುರುವಿನಲ್ಲಿ, ನೀವಿಬ್ಬರೂ ಜಗಳವಾಡಿದ ದಿನ ನಾನು ಅಡುಗೆಮನೆಯಲ್ಲಿದ್ದೆ. ಅವರು ಫೋನಿನ ಸ್ಪೀಕರ್ ಹಾಕಿದ್ದರು. ಅವರು ಕಳಿಸಿದ್ದ ಫೋಟೋ ನೋಡಿ ನೀವು, "ಲೇ ತಣಿಕಾ, ಇದು ನಮ್ಮನೆ ಅಲ್ವೋ. ನಮ್ಮನೇಗೆ ಮೂರು ಮೆಟ್ಟಿಲಿತ್ತು. ಆಡಿ ತಿಂಗಳ ಕರಗ ಗುಡಿಯಿಂದ ಹೊರಟ್ರೆ ನಮ್ಮನೇಗೆ ಮೊದಮೊದ್ಲೇ ಬರೋದು. ಇನ್ನೂ ಬೆಳಕು ಹರಿದಿರ್ತಿರ್ಲಿಲ್ಲ, ಅಮ್ಮ ಅರಿಶಿನದ ನೀರು ಇಟ್ಕೊಂಡು ನಿಂತಿರ್ತಿದ್ಲು" ಎಂದಿರಿ. ಅವರು, "ಅಕ್ಕ, ನನ್ನ ಜನನ ಪತ್ರದಲ್ಲೇ ಇದೆ, ಆರನೇ ನಂಬರು, ವೇಲಾಯುಧ ಆಚಾರಿ ಬೀದಿ. ಬಾಗಿಲ ಮೇಲೆ ಹಳೇ ನಂಬರ್ ಆರು ಅಂತ ಬರ್ದಿದೆ. ನಂಬರು ಸುಳ್ಳು ಹೇಳಲ್ಲ" ಎಂದರು.

"ಹಾಗಾದ್ರೆ ನಾನು ಹೇಳ್ತೀನಾ? ಆ ಮನೇಲಿ ನಾನು ಆರು ವರ್ಷ ಇದ್ದವಳು. ನೀನು ಎಷ್ಟು ದಿನ ಇದ್ದೆ? ಬಾಣಂತಿ ಕೋಣೆಯಿಂದ ಹೊರಗೇ ಬಂದಿರ್ಲಿಲ್ಲ" ಎಂದು ನೀವು ಫೋನು ಇಟ್ಟಿರಿ.

ಅದೇ ಕೊನೆಯ ಮಾತಾಯಿತು. ಅದು ನಿಮ್ಮನ್ನು ಎಷ್ಟು ಸುಡುತ್ತಿದೆ ಎಂದು ನನಗೆ ಗೊತ್ತು. ಆದರೆ ಒಂದು ಮಾತು ನಿಮಗೆ ಗೊತ್ತಿಲ್ಲ. ಆವತ್ತು ಊಟಕ್ಕೆ ಕೂತು ಅವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. "ಅಕ್ಕನಿಗೆ ವಯಸ್ಸಾಯ್ತು, ಎಲ್ಲಾ ಕಲಸುಮೇಲೋಗರ" ಎಂದರು. ಆಮೇಲೆ, "ಅವಳೇ ಸರಿ ಇದ್ರೆ ಏನು ಮಾಡೋದು ಕನಕಾ? ಅಮ್ಮನ್ನ ನೋಡಿದವಳು ಅವಳೊಬ್ಬಳೇ. ನನಗಿರೋದು ಬರೀ ನಂಬರು" ಎಂದರು.

ಅವರಿಗೆ ಹಳೇ ನಂಬರಿನ ಹುಚ್ಚು ಎಂಥದೆಂದು ನಿಮಗೆ ಹೇಳಬೇಕೇ? ಈ ಊರಿನಲ್ಲಿ ಎಲ್ಲರ ಬಾಗಿಲಿನ ಮೇಲೂ ಎರಡೆರಡು ನಂಬರು ಇದ್ದೇ ಇವೆ. ಎಲ್ಲರೂ ಹೇಗೋ ಹೊಂದಿಕೊಂಡರು. ಇವರು ಮಾತ್ರ, "ಹೊಸದು ಕಾರ್ಪೊರೇಷನ್ನಿನದು, ಹಳೇದು ನಮ್ಮದು" ಎನ್ನುತ್ತಿದ್ದರು. ಅಮ್ಮ ಹೋದ ಮೇಲೆ ನೀವಿಬ್ಬರೂ ಬೆಳೆದ ಈ ಮನೆಯ ಹಳೇ ನಂಬರು ಹನ್ನೊಂದು, ನಮ್ಮ ಮಗಳ ಮದುವೆಯ ಕಾರ್ಡಿನಲ್ಲೂ ಅದನ್ನೇ ಅಚ್ಚು ಹಾಕಿಸಿದರು. ಬೀಗರ ಕಡೆಯವರು ಬೀದಿಯ ಆ ತುದಿಯಲ್ಲಿ ಹೊಸ ಹನ್ನೊಂದು ಇರುವ ಯಾರದೋ ಮನೆಗೆ ನುಗ್ಗಿ ಕಾಫಿ ಕುಡಿದು ಬಂದರು. ನೀವು ಆವಾಗ ಎಷ್ಟು ನಕ್ಕಿದ್ದಿರಿ.

ಅವರು ಹೋದ ಮೇಲೆ ನನಗೆ ಒಂದೇ ಯೋಚನೆ. ನೀವು ತೈ ತಿಂಗಳಲ್ಲಿ, ಪೊಂಗಲ್‌ಗೆ, ಬರುತ್ತೇನೆ ಎಂದಿದ್ದೀರಿ, ಇನ್ನು ಮುಂದೆ ವಿಮಾನ ಹತ್ತಲು ಆಗುವುದಿಲ್ಲ ಎಂದೂ ಬರೆದಿದ್ದೀರಿ. ನಿಮ್ಮ ಅಮ್ಮನ ಒಂದು ಫೋಟೋ ಕೂಡ ಯಾರಲ್ಲೂ ಇಲ್ಲ. ಆಕೆ ನಿಂತಿದ್ದ ಹೊಸ್ತಿಲನ್ನಾದರೂ ನಿಮಗೆ ತೋರಿಸದಿದ್ದರೆ, ಅಮ್ಮನ ಮನೆ ತೋರಿಸುತ್ತೇನೆ ಎಂದು ನಿಮ್ಮ ತಮ್ಮ ಕೊಟ್ಟ ಮಾತು ಅರ್ಧಕ್ಕೇ ನಿಂತುಹೋಗುತ್ತದೆ.

ನಾನು ಎಂಟನೇ ಕ್ಲಾಸು ಓದಿದವಳು. ಅವರ ಹಾಗೆ ಕಚೇರಿ ಕಚೇರಿ ಅಲೆಯಲು ಬರುವುದಿಲ್ಲ. ಆದರೆ ನಿಮ್ಮ ಮಾತು ನೆನಪಿತ್ತು: ಕರಗ ನಮ್ಮನೇಗೆ ಮೊದಮೊದಲೇ ಬರೋದು. ಹಾಗಾದರೆ ಕರಗದ ದಿನವೇ ಹೋಗಿ ನೋಡೋಣ ಎಂದುಕೊಂಡೆ. ನಮ್ಮ ಮನೆಯಲ್ಲಿ ಇನ್ನೂ ವರ್ಷ ತುಂಬಿಲ್ಲ, ಹಬ್ಬ ಮಾಡುವ ಹಾಗಿಲ್ಲ, ಗುಡಿಗೂ ಹೋಗುವ ಹಾಗಿಲ್ಲ. ಬೀದಿಯಲ್ಲಿ ನಿಲ್ಲಬಾರದು ಅಂತ ಯಾರೂ ಹೇಳಿಲ್ಲವಲ್ಲ. ಮೊನ್ನೆ ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ವಣ್ಣಾರಪೇಟೆಯ ಆ ಬೀದಿಗೆ ಹೋದೆ.

ಬಜಾರಿನ ತುದಿಯಲ್ಲೇ ಆ 'ಹಳೇ ಆರು'. ಈಗ ಅದು ಗುಜರಿ ಅಂಗಡಿ. ಅಂಗಡಿಯವನು ಬಾಗಿಲು ತೆಗೆಯುತ್ತಿದ್ದ. ನಾನು ನಂಬರು ನೋಡುವುದನ್ನು ನೋಡಿ, "ಏನಮ್ಮ, ನೀವೂನಾ? ಬೇಸಿಗೇಲಿ ಒಬ್ರು ಯಜಮಾನ್ರು ಬಂದು ಬಂದು ಫೋಟೋ ಹಿಡಿದ್ರು. ಇನ್‌ಕಮ್ ಟ್ಯಾಕ್ಸ್‌ನೋರು ಅಂತ ನಾನು ಎರಡು ದಿನ ನಿದ್ದೆ ಮಾಡ್ಲಿಲ್ಲ. ಆಮೇಲೆ ನೋಡಿದ್ರೆ, ಇದೇ ನಮ್ಮಮ್ಮನ ಮನೆ ಅಂತ ಗೋಡೆ ಮುಟ್ಟಿ ಕಣ್ಣಿಗೊತ್ಕೊಂಡ್ರು. ಹೇಗಿದಾರೆ?" ಎಂದ. "ಚೆನ್ನಾಗಿದಾರೆ" ಎಂದೆ. ಬೆಳಿಗ್ಗೆ ಬೆಳಿಗ್ಗೆ ಅವನಿಗೆ ಬೇರೆ ಏನು ಹೇಳಲಿ.

ಉಡುಕ್ಕೆ ಬಡಿಯುವ ಸದ್ದು ಬಂದದ್ದು ಬೀದಿಯ ಇನ್ನೊಂದು ತುದಿಯಿಂದ. ಅಮ್ಮನವರ ಗುಡಿ ಇರುವುದು ಅಲ್ಲಿ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಕರಗ ಹೊತ್ತವನು ಬೇವಿನ ಸೊಪ್ಪು ಹಿಡಿದು ಹೊರಟೇಬಿಟ್ಟಿದ್ದ. ಪ್ರತಿ ಬಾಗಿಲಲ್ಲೂ ಹೆಂಗಸರು ಅವನನ್ನು ನಿಲ್ಲಿಸಿಕೊಂಡು ಕಾಲಿಗೆ ಅರಿಶಿನದ ನೀರು ಸುರಿಯುತ್ತಿದ್ದರು. ನಾನು ಎದುರು ಬದಿಯಲ್ಲಿ ಒಂದು ಮನೆಯ ಗೋಡೆಗೆ ಒರಗಿ ನಿಂತೆ. ಆ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಅಂಬಲಿಯ ಪಾತ್ರೆ ಇಟ್ಟುಕೊಂಡು ಬಂದವರಿಗೆಲ್ಲ ಹಾಕುತ್ತಿದ್ದರು. ಹೆಸರು ಪಚ್ಚೆಯಮ್ಮಾಳ್. ಎಂಬತ್ತು ದಾಟಿದೆ, ಗಂಟಲು ಮಾತ್ರ ಮೀನು ಮಾರುವವರ ಹಾಗೆ.

"ಯಾಕಮ್ಮ ಗೋಡೆಗೆ ಅಂಟ್ಕೊಂಡಿದೀಯ? ಲೋಟ ಹಿಡಿ" ಎಂದರು.

"ಬೇಡಮ್ಮ. ಯಜಮಾನ್ರು ಹೋಗಿ ವರ್ಷ ತುಂಬಿಲ್ಲ."

"ಅಂಬಲಿಗೇನು ಗೊತ್ತು ವರ್ಷ? ಹೊಟ್ಟೆಗೇನು ಗೊತ್ತು? ಕುಡಿ, ಕುಡಿ. ನನ್ನ ಗಂಡ ಹೋದ ವರ್ಷವೂ ನಾನೇ ಹಾಕಿದ್ದು. ಆಯಮ್ಮ ಏನೂ ನನ್ನ ಕಣ್ಣು ಕಿತ್ಕೊಳ್ಲಿಲ್ಲ."

ಕುಡಿದೆ. ಕುಡಿಯುತ್ತಾ ಬಂದ ಕಾರಣ ಹೇಳಿದೆ. ಬಜಾರ್ ತುದಿಯ ಆರನೇ ನಂಬರು ಎಂದ ಕೂಡಲೇ ಅವರು ಸೌಟು ಎತ್ತಿ ನಕ್ಕರು.

"ಆ ಕಡೆಯಿಂದ ಎಣಿಸಿದಿರಾ? ನಾನು ಹುಡುಗಿಯಾಗಿದ್ದಾಗ ಅಲ್ಲಿ ಮನೆ ಎಲ್ಲಿತ್ತು ತಾಯಿ? ಬರೀ ಉಪ್ಪಿನ ಗೋದಾಮು. ಬೀದಿ ಶುರುವಾಗ್ತಿದ್ದದ್ದೇ ಅಮ್ಮನವರ ಗುಡಿಯಿಂದ, ಒಂದನೇ ನಂಬರು ಪೂಜಾರಿ ಮನೆ. ಆಮೇಲೆ ಬಜಾರ್ ಬಂತು, ಆ ಕಡೆಯಿಂದ ಎಣಿಸಿ ಹೊಸ ನಂಬರ್ ಹೊಡೆದ್ರು. ಅದೂ ಹಳೇದಾಗಿ ಈಗ ಇನ್ನೊಂದು ಹೊಡೆದಿದಾರೆ. ನಿಮ್ಮೋರು ಹಳೇದು ಅಂದ್ಕೊಂಡಿದ್ದು ನಮಗೆ ಹೊಸದು."

ನೋಡಿ ಅತ್ತಿಗೆ, ಬಾಗಿಲಿನ ಮೇಲೆ ಬರೆದ ಹಳೇ ನಂಬರೇ ಎಲ್ಲಕ್ಕಿಂತ ಹಳೇದು ಎಂದು ನಂಬಿದ್ದರು ಅವರು. ಅದಕ್ಕೂ ಹಿಂದೆ ಒಂದಿರಬಹುದು ಎಂದು ಹೊಳೆಯಲೇ ಇಲ್ಲ.

ಪಚ್ಚೆಯಮ್ಮಾಳ್ ಸೌಟು ಸೊಸೆಯ ಕೈಗೆ ಕೊಟ್ಟು, ನನ್ನ ಮೊಣಕೈ ಹಿಡಿದು ಗುಡಿಯಿಂದ ಎಣಿಸುತ್ತಾ ಬಂದರು. "ಇವೆರಡು ಬಾಗಿಲು ಒಂದೇ ಮನೆ, ಅಣ್ಣತಮ್ಮಂದಿರು ಗೋಡೆ ಹಾಕ್ಕೊಂಡ್ರು, ಒಂದೇ ಅಂತ ಎಣಿಸು" ಎಂದು ಗದರಿದರು. ಆರನೆಯದಕ್ಕೆ ಬಂದು ನಿಂತರು. ನಿಮ್ಮ ಮೂರು ಮೆಟ್ಟಿಲು ಅಲ್ಲಿರಲಿಲ್ಲ. ರಸ್ತೆಯಿಂದ ಕೆಳಕ್ಕೆ ಒಂದು ಹೆಜ್ಜೆ ಇಳಿದು ಒಳಗೆ ಹೋಗಬೇಕು. ನನ್ನ ಮುಖ ಸಪ್ಪಗಾಯಿತು. ಮುದುಕಿ, "ಮೆಟ್ಟಿಲು ಇತ್ತು. ಡಾಂಬರು ಹಾಕಿ ಹಾಕಿ ರಸ್ತೆ ನುಂಗಿಹಾಕ್ತು. ಅದರ ಮೇಲೇ ನಿಂತಿದೀಯ" ಎಂದರು.

ನಾನು ಚಪ್ಪಲಿ ಬಿಟ್ಟೆ ಅತ್ತಿಗೆ.

ಅಷ್ಟರಲ್ಲಿ ಕರಗ ಅಲ್ಲಿಗೆ ಬಂತು. ಆ ಮನೆಯ ಹುಡುಗಿಯೊಬ್ಬಳು ನೈಟಿಯ ಮೇಲೆ ಟವೆಲ್ಲು ಹೊದ್ದು ಓಡಿಬಂದು ಅರಿಶಿನದ ನೀರು ಸುರಿದಳು. ನೀರು ನನ್ನ ಕಾಲಿನವರೆಗೂ ಹರಿಯಿತು. ಪಚ್ಚೆಯಮ್ಮಾಳ್ ಹೇಳಿದರು: "ಈ ಮನೇಲಿ ಒಬ್ಬಳಿದ್ಲು. ಹಲ್ಲು ಸ್ವಲ್ಪ ಮುಂದೆ. ನಕ್ಕರೆ ಗುಡೀವರೆಗೂ ಕೇಳೋದು. ಹೆತ್ತು ಹದಿನೈದು ದಿನಕ್ಕೆ ಹೋದ್ಲು. ಮಗು ಅತ್ತೂ ಅತ್ತೂ ನೀಲಿಯಾಗಿತ್ತು. ನಮ್ಮಮ್ಮ ಎತ್ಕೊಂಡು ಬಂದು ನನ್ನ ತಮ್ಮನ ಜೊತೇಲಿ ಹಾಲು ಕುಡಿಸಿದ್ಲು. ಅದರ ಅಕ್ಕ ಒಬ್ಬಳು, ಮಗು ಎಲ್ಲಿ ಹೋದ್ರೂ ಹಿಂದೇನೇ. ನಾನು ಎತ್ತಿಕೊಂಡ್ರೆ ಕಚ್ಚೋಳು." ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಆ ಮಗು ಬದುಕಿತಾ?"

"ಬದುಕಿತು. ಎಪ್ಪತ್ತೊಂದು ವರ್ಷ" ಎಂದೆ.

ಫೋಟೋ ತೆಗೆಯಲಿಲ್ಲ. ನೀವೇ ಬಂದು ನೋಡಿ. ಕಚ್ಚಿಸಿಕೊಂಡವರು ಕಾಯುತ್ತಿದ್ದಾರೆ, "ಬರಹೇಳು, ಲೆಕ್ಕ ಬಾಕಿ ಇದೆ" ಎಂದಿದ್ದಾರೆ. ನಿಮ್ಮ ಅಮ್ಮನ ಹಲ್ಲು ನಿಮ್ಮ ತಮ್ಮನಿಗೂ ಬಂದಿತ್ತು, ನಮ್ಮ ಮಗಳಿಗೂ ಬಂದಿದೆ. ಇಷ್ಟು ದಿನ ಅದು ಯಾರದೆಂದು ನಮಗೆ ಗೊತ್ತಿರಲಿಲ್ಲ.

ಜಗಳ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅವರಿದ್ದಿದ್ದರೆ ತಾವೇ ಫೋನು ಮಾಡಿ, "ಅಕ್ಕ, ನೀನೇ ಗೆದ್ದೆ" ಎನ್ನುತ್ತಿದ್ದರು. ಅವರ ಪರವಾಗಿ ನಾನು ಹೇಳುತ್ತಿದ್ದೇನೆ. ಮೊಮ್ಮಕ್ಕಳು ನೂರು ಕಾಲ ಚೆನ್ನಾಗಿರಲಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ
ಕನಕಾಂಬುಜಂ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರ. ಆವತ್ತು ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಎದೆನೋವು ಬಂದಾಗ ಆಂಬುಲೆನ್ಸಿಗೆ ಅವರೇ ಫೋನು ಮಾಡಿದರು. ಗಾಡಿ ಬೇಗನೇ ಬಂದಿತ್ತು ಅತ್ತಿಗೆ. ಬೀದಿಯ ಆ ತುದಿಗೆ ಬಂದಿತ್ತು, ಬೀಗರು ಕಾಫಿ ಕುಡಿದ ಮನೆಗೆ. ಡ್ರೈವರು ಆಮೇಲೆ ನನ್ನ ಮುಂದೆ ತಲೆ ತಗ್ಗಿಸಿ, "ಹನ್ನೊಂದು ಅಂತಲೇ ಹೇಳಿದ್ರಮ್ಮ, ಎರಡು ಸಲ ಹೇಳಿದ್ರು. ಅಲ್ಲಿ ಬೀಗ ಹಾಕಿತ್ತು. ತಿರುಗಿ ಮಾಡಿದ್ರೆ ಯಾರೂ ಫೋನ್ ಎತ್ತಲಿಲ್ಲ" ಎಂದ. ನಾನು ಬಂದಾಗ ಅವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು, ಬಾಗಿಲು ಪೂರ್ತಿ ತೆರೆದಿಟ್ಟಿದ್ದರು. ಇದನ್ನು ಮಗಳಿಗೂ ಹೇಳಿಲ್ಲ. ಯಾರನ್ನು ಬೈಯಲಿ? ನೋವಿನಲ್ಲಿ ಬಾಯಿಗೆ ಬಂದದ್ದು ನೀವಿಬ್ಬರೂ ಬೆಳೆದ ಮನೆಯ ನಂಬರು.

ನಿನ್ನೆ ಬಣ್ಣದವನನ್ನು ಕರೆಸಿ ನಮ್ಮ ಬಾಗಿಲಿನ ಹಳೇ ನಂಬರನ್ನು ಅಳಿಸಿಸಿದೆ. ಬಿಳಿ ಬಣ್ಣದ ಕೆಳಗೆ ಇನ್ನೂ ಸ್ವಲ್ಪ ಕಾಣುತ್ತದೆ. ನೀವು ಇವತ್ತಿಗೂ ಕವರಿನ ಮೇಲೆ ಹನ್ನೊಂದು ಎಂದೇ ಬರೆಯುತ್ತೀರಿ. ತೈ ತಿಂಗಳಲ್ಲಿ ಬರುವಾಗ ಟ್ಯಾಕ್ಸಿಯವನಿಗೆ ಇಪ್ಪತ್ತೇಳು ಎಂದು ಹೇಳಿ ಅತ್ತಿಗೆ. ಇಪ್ಪತ್ತೇಳು. ನಾನು ಬಾಗಿಲಲ್ಲೇ ನಿಂತಿರುತ್ತೇನೆ.