ಕುಬಸಕ್ಕೆ ತಪ್ಪಿದ ವಿಮಾನ

ನರಗುಂದ, ಮಾರ್ಚ್ ೧೨, ಮಂಗಳವಾರ

ಪರದೇಶದ ವಿಮಾನ ಕಂಪನಿಯಿಂದ ಮತ್ತೆ ಅದೇ ಉತ್ತರ: ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದ್ದು ನಿಜ, ಆದರೆ ನೀವು ಸಾಮಾನು ಸಮೇತ ಕ್ಷೇಮವಾಗಿ ತಲುಪಿದ್ದೀರಿ, ಪರಿಹಾರ ಯಾವ ನಷ್ಟಕ್ಕೆ?

ಇವರಿಗೆ ಹೇಗೆ ತಿಳಿಸಲಿ! ಅಕ್ಕ ತೀರಿದ ಮೇಲೆ ಅವಳ ಮಗಳು ಶಿವಲೀಲಾಳಿಗೆ ತವರೆಂದರೆ ನಾನೇ. ಬೆಳವಣಕಿಯಲ್ಲಿ ಅವಳ ಚೊಚ್ಚಲ ಬಸಿರಿನ ಕುಬಸಕ್ಕೆ ತವರಿನ ಹಸಿರು ಸೀರೆ ಒಯ್ಯಬೇಕಾದವಳು, ಪರದೇಶದಿಂದ ಮರಳುವಾಗ ವಿಮಾನ ತಪ್ಪಿ ಮರುದಿನ ಮುಟ್ಟಿದೆ. ಅವಳ ಅತ್ತೆ ಕೊಟ್ಟ ಸೀರೆಯಲ್ಲೇ ಆರತಿ ಮುಗಿದಿತ್ತು. "ವಿಮಾನದಾಗ ಬರೋ ತವರಮನಿಯವ್ರಿಗಿಂತ ಚಕ್ಕಡ್ಯಾಗ ಬರೋವ್ರು ಚಲೋ ಬಿಡ್ರಿ" ಎಂದರು ಬೀಗತಿ.

ಇಂದು ಫೋನಿನಲ್ಲಿ ಶಿವಲೀಲಾ, "ಸಾಕ ಬಿಡ ಚಿಗವ್ವ, ರೊಕ್ಕಕ್ಕ ಎಷ್ಟಂತ ಜಗಳಾಡ್ತಿ?" ಎಂದಳು.

"ರೊಕ್ಕಕ್ಕಲ್ಲ ಯವ್ವಾ" ಎಂದೆ.

ಅವಳು, "ಅವತ್ತ ನಾ ಬಾಗಲಾ ನೋಡ್ಕೋತ ಕುಂತಿದ್ನಿ" ಎಂದಳು.

ಇದನ್ನೇ ಬರೆದು ಕಳಿಸಬೇಕು. ಇಂಗ್ಲಿಷಿನಲ್ಲಿ ಇದನ್ನು ಹೇಗೆ...