ಯಾವ ಬೆಟ್ಟ?

ಬೇಗೂರು
16-8-1996

ಪೂಜ್ಯ ಪತಿದೇವರಿಗೆ (ಪೂಜ್ಯ ಎಂದರೆ ಸೊನ್ನೆ ಎಂಬ ಅರ್ಥವೂ ಇದೆ, ಬೇಕಾದ್ದನ್ನು ಆರಿಸಿಕೊಳ್ಳಿ) ಸುಧಾಮಣಿಯ ನಮಸ್ಕಾರ.

ಕಂಡಕ್ಟರ್ ರಾಜಣ್ಣನ ಕೈಲಿ ನೀವು ಕಳಿಸಿದ ಚೀಟಿ ಇವತ್ತು ಸೇರಿತು. 'ಕಾದೆ. ಬರಲಿಲ್ಲ. ಸರಿ.' ನಮ್ಮ ಸೋಮೇಶ ಒಂದೇ ಮಾತಿನವನು ಎಂದು ಮದುವೆಗೆ ಮುಂಚೆ ಮಾವನವರು ಹೊಗಳಿದ್ದರು. ದಿನಕ್ಕೆ ಒಂದೇ ಮಾತು ಎಂಬುದು ಆಮೇಲೆ ತಿಳಿಯಿತು. ಮೂರು ದಿನದ ರೇಷನ್ನನ್ನು ಒಂದೇ ಚೀಟಿಗೆ ಸುರಿದಿದ್ದೀರಿ, ಆಯಾಸವಾಗಿರಬೇಕು.

ಜೊತೆಗಿದ್ದ ಪೊಟ್ಟಣ ಬಿಚ್ಚಿದರೆ ಹಣೆಗಿಡುವ ದೂಳ್ತ, ಮಾದಪ್ಪನ ಪ್ರಸಾದ! ಆಗ ಗೊತ್ತಾಯಿತು, ನೀವು ಕಾದದ್ದು ಮಾದಪ್ಪನ ಬೆಟ್ಟದಲ್ಲಿ. ನಾನು ಕಾದದ್ದು ಗೋಪಾಲಸ್ವಾಮಿ ಬೆಟ್ಟದಲ್ಲಿ.

ರೀ, ನಿಮ್ಮ ಚಂದಕವಾಡಿಯಲ್ಲಿ ಬೆಟ್ಟ ಎಂದರೆ ಮಾದಪ್ಪನದೇ ಇರಬಹುದು. ಬೇಗೂರಿನಲ್ಲಿ ಹುಟ್ಟಿದವಳಿಗೆ ಬೆಟ್ಟ ಎಂದರೆ ಬಂಡೀಪುರದ ಕಾಡಿನ ನೆತ್ತಿಯ ಮೇಲೆ ಕೂತ ಗೋಪಾಲಸ್ವಾಮಿ. ರಾಜಣ್ಣ ಬಸ್ಸಿನಿಂದಲೇ 'ಅಮಾಸೆ ದಿನ ಬೆಟ್ಟಕ್ ಬರ್ಬೇಕಂತೆ ಕಣಕ್ಕಾ' ಎಂದು ಕೂಗಿದಾಗ, ಯಾವ ಬೆಟ್ಟ ಎಂದು ಕೇಳಿದೆ. 'ಬೆಟ್ಟ ಅಂದ್ರೆ ಬೆಟ್ಟ ಕಣಕ್ಕಾ, ಅದ್ಕೂ ಹೆಸ್ರು ಕೇಳ್ತರಾ?' ಎಂದು ಸೀಟಿ ಊದಿಬಿಟ್ಟ. ಒಂದು ಹೆಸರು ಸೇರಿಸಿ ಕಳಿಸಿದ್ದರೆ ನಿಮ್ಮ ನಾಲಿಗೆ ಸವೆಯುತ್ತಿತ್ತೇ?

ಯುಗಾದಿಯಲ್ಲಿ ಆದದ್ದೂ ಇದೇ. 'ನಾನು ತೌರಿಗೆ ಹೋಗಿಬಿಡಲಾ?' ಎಂದು ರೇಗಿ ಕೇಳಿದೆ. ಬೇಡ ಎನ್ನಲಿ ಎಂದೇ ಕೇಳುವ ಪ್ರಶ್ನೆ ಅದು. ನೀವು 'ಹೂಂ' ಎಂದಿರಿ. ಹೂ ತರುವ ಗಂಡ ಸಿಗಲಿ ಎಂದು ಬೇಡಿಕೊಂಡಿದ್ದೆ, ದೇವರಿಗೆ ಒಂದು ಸೊನ್ನೆ ಹೆಚ್ಚಾಗಿ ಕೇಳಿಸಿತೇನೋ.

ಅಮಾವಾಸ್ಯೆಯೇ ಗಡುವು ಎಂಬುದೂ ನಿಮಗೆ ಗೊತ್ತಿತ್ತು. 'ಅಷ್ಟ್ರೊಳಗೆ ಅವ್ನು ಬಂದು ಕರೀನಿಲ್ಲ ಅಂದ್ರೆ ಹಿರೀಕರ ಕೂರ್ಸಿ ಬುಡುಗಡೆ ಮಾಡುಸ್ಬುಡ್ತೀನಿ ಕಣಮ್ಮಿ' ಎಂದು ಅಪ್ಪ ಊರಿಗೇ ಕೇಳುವಂತೆ ಹೇಳಿದ್ದರು. ಅವರ ಮೀಸೆಗೆ ಹೆದರಿ ತಾನೇ ನೀವು ಮನೆ ಬಿಟ್ಟು ಬೆಟ್ಟಕ್ಕೆ ಕರೆದದ್ದು?

ಅವತ್ತು ಭೀಮನ ಅಮಾವಾಸ್ಯೆ ಬೇರೆ. ಊರ ಹೆಂಗಸರೆಲ್ಲ ಗಂಡನ ಪಾದಪೂಜೆ ಮಾಡುವ ದಿನ ನನ್ನ ಗಂಡನ ಪಾದವೇ ಪತ್ತೆಯಿಲ್ಲ. ಹೊಸ ಸೀರೆಯುಟ್ಟು, ಪಕ್ಕದ ಮನೆ ಮೂಗಮ್ಮನ ಜೊತೆ ಜೀಪಿನಲ್ಲಿ ಮೇಲೆ ಹೋದರೆ ಕಂಡದ್ದು ಬರೀ ಮಂಜು. ಗುಡಿಯೂ ಇಲ್ಲ, ಗೋಪಾಲನೂ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಮೂಗಮ್ಮ ನನ್ನ ತಿವಿದು, 'ಅಗಾ ನೋಡು ಕಣಮ್ಮಿ, ಕಪ್ಗೆ ನಿಂತವ್ನೆ! ಮಾತಿಲ್ಲ ಕತೆಯಿಲ್ಲ, ನಿನ್ ಗಂಡ್ನೇಯ!' ಎಂದಳು. ನಾಚಿಕೆ ಬಿಟ್ಟು ಓಡಿದೆ. ಕಪ್ಪಗೆ ನಿಂತದ್ದು ಕಿವಿ ಅಲ್ಲಾಡಿಸಿತು. ನೀವಲ್ಲ ಎಂದು ಆ ಕ್ಷಣವೇ ತಿಳಿಯಿತು. ನನ್ನ ಮಾತಿಗೆ ನಿಮ್ಮ ಕಿವಿ ಎಂದಾದರೂ ಅಲ್ಲಾಡಿದೆಯೇ? ಗಾರ್ಡ್ ಓಡಿಬಂದು ರಟ್ಟೆ ಹಿಡಿದು ಎಳೆಯದಿದ್ದರೆ ಆನೆಯೇ ನನಗೆ ಬಿಡುಗಡೆ ಕೊಡಿಸುತ್ತಿತ್ತು. 'ಸಾಯಕ್ ಬಂದಿದ್ದೀಯೇನಮ್ಮಾ?' ಎಂದು ಬೈದ. ಕಾಡು ಕಾಯುವ ಅವನಿಗೆ ಸಂಬಳವಾದರೂ ಇದೆ. ನಾನು ನಿಮ್ಮನ್ನು ಬಿಟ್ಟಿಯಾಗಿ ಕಾದೆ. ಕಡೆಯ ಜೀಪಿನಲ್ಲಿ ಇಳಿಯುವಾಗ ಕಣ್ಣಿಗೂ ಮಂಜು ಹೊಕ್ಕಿತ್ತು, ಅಷ್ಟೆ.

ಇನ್ನು ಬೆಟ್ಟದ ಸಹವಾಸ ಬೇಡ. ಶ್ರಾವಣದ ಮೊದಲ ಸೋಮವಾರ ನೆಟ್ಟಗೆ ಮನೆಗೆ ಬನ್ನಿ. ಬೆಂಗಳೂರಿನ ಹತ್ತಿರವೂ ಒಂದು ಬೇಗೂರಿದೆಯಂತೆ. ನಾನಿರುವುದು ಗುಂಡ್ಲುಪೇಟೆ ತಾಲ್ಲೂಕಿನದರಲ್ಲಿ. ಹೂ ತನ್ನಿ. ಸೊನ್ನೆಯನ್ನು ಅಲ್ಲೇ ಬಿಟ್ಟು ಬನ್ನಿ.

ಇತಿ, ಕೋಪ ಇಳಿಯದಿದ್ದರೂ ಬೆಟ್ಟ ಇಳಿದಿರುವ,
ನಿಮ್ಮ (ಸದ್ಯಕ್ಕೆ)
ಸುಧಾಮಣಿ

ಮ.ವಿ.: ಸೋಮವಾರವೇ ಏಕೆ ಎನ್ನುತ್ತೀರೇನೋ. ಬೆಟ್ಟದಿಂದ ಬಂದ ಸಂಜೆ ಅಪ್ಪ ಜಗಲಿಯ ಮೇಲೇ ಕೂತಿದ್ದರು. 'ಬಂದಿದ್ನಾ?' ಎಂದರು. ಆಗಿನ್ನೂ ದೂಳ್ತ ಬಂದಿರಲಿಲ್ಲ, ನೀವು ಎಲ್ಲಿದ್ದಿರೋ, ನಾನು ಬೇಕೋ ಬೇಡವೋ, ಒಂದೂ ಗೊತ್ತಿರಲಿಲ್ಲ. 'ಬಂದಿದ್ರು' ಎಂದುಬಿಟ್ಟೆ. ಮೂಗಮ್ಮ ಹೆಸರಿಗೆ ತಕ್ಕ ಹಾಗೆ ಮೂಗಿಯಾಗಿ ನಿಂತಳು. ಶ್ರಾವಣದ ಮೊದಲ ಸೋಮವಾರ ಬಂದು ಕರೆದುಕೊಂಡು ಹೋಗುತ್ತೀರಾ ಎಂದು ನಿಮ್ಮನ್ನು ಕೇಳಿದೆ ಎಂದೂ ಹೇಳಿದೆ. 'ಅದ್ಕೇನಂದ?' ಎಂದರು. 'ಹೂಂ ಅಂದ್ರು' ಎಂದೆ. ಅಪ್ಪ ತಕ್ಷಣ ನಂಬಿಬಿಟ್ಟರು.